ಎಂಜಿಬಿ: ಇಡಿಯಾಗಿ ಮಾರೋದಾ, ಬಿಡಿಯಾಗಿ ಮಾರೋದಾ?

ರಘು: ಇಂಗ್ಲೆಂಡಿನ ಕೊವೆಂಟ್ರಿ ಗ್ಯಾರೇಜ್ ಬಾಡಿಗೆ ಮಾರ್ಚ್‌ಗೆ ಮುಗಿಯುತ್ತೆ. ಅಷ್ಟರೊಳಗೆ ನಾವು ನಾಲ್ಕು ಜನ ಸೇರಿ ರಿಪೇರಿ ಮಾಡ್ತಿದ್ದ ಎಂಜಿಬಿ, ಆ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಹೋಗ್ಬೇಕು. ನಾನು ಹೇಳೋದು, ಬಿಡಿಯಾಗಿ ಮಾರೋಣ. ಓವರ್‌ಡ್ರೈವ್ ಗೇರ್‌ಬಾಕ್ಸ್, ತಂತಿ ಕಡ್ಡಿಯ ವೈರ್ ವೀಲ್, ಜೋಡಿ ಎಸ್‌ಯು ಕಾರ್ಬ್ಯುರೇಟರ್, ಕ್ರೋಮ್ ಗ್ರಿಲ್ ಎಲ್ಲಾ ಬೇಗ ಖಾಲಿ ಆಗುತ್ತೆ.

ವೀಣಾ: ಆಮೇಲೆ ಉಳಿಯೋ ಬಾಡಿ ಯಾರು ತಗೋತಾರೆ? ಗೇರ್‌ಬಾಕ್ಸು, ಚಕ್ರ ಇಲ್ಲದ ಬಾಡಿ ಗುಜರಿ ರೇಟಿಗೆ ಹೋಗುತ್ತೆ. ನಾಲ್ಕು ಜನದ ದುಡ್ಡು ಹೋಗಿರೋದು ಆ ಬಾಡಿ ಮೇಲೇ. 1969ರ ಕ್ರೋಮ್ ಬಂಪರ್ ರೋಡ್‌ಸ್ಟರ್, ಎಲ್ಲಾ ಭಾಗ ಇರೋದು. ಇಡಿಯಾಗೇ ಕೊಡ್ಬೇಕು.

ಸುರೇಶ: ಹಾಗಾದ್ರೆ ಪೂರ್ತಿ ಬೂದು ಪ್ರೈಮರ್ ಹೊಡೆದು ಫೋಟೋ ಹಾಕೋಣ್ವಾ? ನೋಡೋಕೆ ಅಚ್ಚುಕಟ್ಟಾಗಿರುತ್ತೆ.

ವೀಣಾ: ಬೇಡ ಕಣೋ. ಗೊತ್ತಿರೋರು ಪ್ರೈಮರ್ ನೋಡಿದ ತಕ್ಷಣ ಕೆಳಗೆ ಏನು ಮುಚ್ಚಿದಾರೆ ಅಂತಾನೇ ಕೇಳ್ತಾರೆ. ಸಾದಾ ಪ್ರೈಮರ್ ತೇವ ಹೀರುತ್ತೆ, ಆ ಗ್ಯಾರೇಜ್ ತಂಡಿಗೆ ಒಳಗಿಂದಾನೇ ತುಕ್ಕು ಏಳುತ್ತೆ. ಬರಿ ತಗಡು ಕಾಣ್ತಿರೋ ಕಡೆ ಮಾತ್ರ ಟೂ-ಪ್ಯಾಕ್ ಎಪಾಕ್ಸಿ, ಅಂದ್ರೆ ಎರಡು ಭಾಗ ಬೆರೆಸಿ ಹಚ್ಚೋ ಪ್ರೈಮರ್, ಹಚ್ಚು ಸಾಕು. ಹಚ್ಚೋಕೆ ಮುಂಚೆ ಪ್ರತಿ ವೆಲ್ಡಿಂಗ್‌ದೂ ಹತ್ತಿರದಿಂದ ಫೋಟೋ ತೆಗಿ.

ಮಹೇಶ: ವೀಣಾ ಹೇಳಿದ್ದು ಸರಿ. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ರೋಡ್‌ಸ್ಟರ್‌ಗೆ ಮೇಲ್ಛಾವಣೀನೂ ಇಲ್ಲ. ಬಾಗಿಲ ಕೆಳಗಿನ ಸಿಲ್ಲೇ ಬೆನ್ನುಮೂಳೆ. ಎಡಗಡೆ ಕ್ಯಾಸಲ್ ರೈಲು (ಸಿಲ್ ಅಡಿಯ ಉದ್ದ ಪಟ್ಟಿ), ಒಳ ಸಿಲ್, ನಡುವಿನ ತಗಡು, ಹೊರ ಸಿಲ್ ನಾಲ್ಕೂ ಹೊಸದು. ಕತ್ತರಿಸೋಕೆ ಮುಂಚೆ ಬಾಗಿಲ ಕಂಡಿಗೆ ಅಡ್ಡ ಕಬ್ಬಿಣ ಕೊಟ್ಟು ಬಿಗಿ ಮಾಡಿರೋ ಫೋಟೋ ಇದೆ. ಹೊರ ಸಿಲ್ ಮುಚ್ಚಿದ ಮೇಲೆ ಒಳಗಿನದು ಯಾರಿಗೂ ಕಾಣಲ್ಲ, ಆ ಫೋಟೋಗಳೇ ಸಾಕ್ಷಿ.

ಮಹೇಶ: ಬಲಗಡೇದು ಹೇಳ್ಲೇಬೇಕು. ಅಲ್ಲಿ ಹಳೇ ಮಾಲೀಕರು ಅಂಟಿಸಿದ ಕವರ್ ಸಿಲ್, ಅಂದ್ರೆ ಹಳೇ ಸಿಲ್ ಮುಚ್ಚೋ ಬರೀ ಹೊದಿಕೆ ತಗಡು, ಇನ್ನೂ ಹಾಗೇ ಇದೆ. ಬಾಗಿಲ ಸಂದು ಮೇಲೆ 3 ಮಿ.ಮೀ., ಕೆಳಗೆ 7. ನಡು ಕುಸಿದಿದೆ ಅಂತ ಅರ್ಥ.

ರಘು: ಅದನ್ನೆಲ್ಲಾ ಬರೆದ್ರೆ ಬೆಲೆ ಬೀಳಲ್ವಾ?

ಮಹೇಶ: ಬೀಳಲಿ. ಬರೀದಿದ್ರೆ ಬಂದೋರು ಬಾಗಿಲ ಸಂದು ನೋಡಿ ಅಲ್ಲೇ ಬೆಲೆ ಇಳಿಸ್ತಾರೆ, ಆಮೇಲೆ ಎಡಗಡೆ ಕೆಲಸಾನೂ ನಂಬಲ್ಲ. ನಿಜವಾದ ಸಿಲ್ ಮುಂದಿನ ವಿಂಗ್ (ಚಕ್ರದ ಮೇಲಿನ ತಗಡು) ಒಳಗೂ ಹೋಗುತ್ತೆ, ಹಿಂದಿನ ವಿಂಗ್ ಒಳಗೂ ಹೋಗುತ್ತೆ. ಮುಂದಿನದು ಬೋಲ್ಟಲ್ಲಿದೆ, ಹಿಂದಿನದು ಕೊಯ್ಬೇಕು. ಬೆಸುಗೆ ಬಲ್ಲೋರಿಗೆ ಅದು ಗೊತ್ತಿರೋ ಕೆಲಸ, ಲೆಕ್ಕ ಹಾಕಿಕೊಂಡೇ ಬರ್ತಾರೆ.

ಸುರೇಶ: ಎಂಜಿನ್? 1798 ಸಿಸಿ, ನಿಂತು ವರ್ಷಗಳೇ ಆಯ್ತು.

ವೀಣಾ: ಸ್ಟಾರ್ಟರ್ ಮುಟ್ಟಬೇಡ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರ್‌ಗೂ ಸ್ವಲ್ಪ ಆಯಿಲ್ ಬಿಟ್ಟು ಒಂದೆರಡು ದಿನ ಬಿಡು. ಆಮೇಲೆ ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸು. ತಿರುಗಿದ್ರೆ ವಿಡಿಯೋ ಮಾಡು. ತಿರುಗದೇ ಇದ್ರೆ ಜೋರು ಮಾಡಬೇಡ, ಹಿಡ್ಕೊಂಡಿದೆ ಅಂತಾನೇ ಬರಿ. ಹೆಡ್‌ಗೆ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟ್ ಹಾಕಿಸಿದ ರಸೀದಿ ಇದ್ಯಲ್ಲ, ಸೀಸ ಇಲ್ಲದ ಪೆಟ್ರೋಲ್‌ಗೆ ಅದು ಮುಖ್ಯ, ಅದರ ಫೋಟೋನೂ ಹಾಕು.

ರಘು: ಸರಿ, ಇಡಿಯಾಗೇ ಮಾರೋಣ. ವಿ5ಸಿ, ಅಂದ್ರೆ ಕಾರಿನ ನೋಂದಣಿ ಪತ್ರ, ನನ್ನ ಹೆಸರಲ್ಲಿದೆ, ನಾನೊಬ್ಬನೇ ಸಹಿ ಮಾಡಿದ್ರೆ ಸಾಕಲ್ಲ?

ಮಹೇಶ: ಸಾಲಲ್ಲ. ವಿ5ಸಿಲಿ ಇರೋದು ಕೀಪರ್ (ಕಾರು ಇಟ್ಕೊಂಡಿರೋರ) ಹೆಸರು, ಅದು ಮಾಲೀಕತ್ವದ ದಾಖಲೆ ಅಲ್ಲ. ಮಾರಾಟದ ರಸೀದಿಗೆ ನಾವು ನಾಲ್ಕೂ ಜನ ಸಹಿ ಹಾಕೋಣ. ಎಸ್‌ಒಆರ್‌ಎನ್, ಅಂದ್ರೆ ಕಾರು ರಸ್ತೆಗೆ ಇಳಿಸಲ್ಲ ಅನ್ನೋ ಘೋಷಣೆ, ಹೊಸಬರಿಗೆ ವರ್ಗ ಆಗಲ್ಲ, ಅವರೇ ಹೊಸದಾಗಿ ಮಾಡ್ಬೇಕು ಅಂತ ಹೇಳ್ಬಿಡು. ಜಿಎಚ್‌ಎನ್4 ಅಂತ ಶುರುವಾಗೋ, ಕಾರ್ಖಾನೆ ಕೊಟ್ಟ ಕಾರ್ ನಂಬರ್ ತಗಡಿನ ಫೋಟೋ ಹಾಕು. ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ (ಕಾರ್ಖಾನೆ ದಾಖಲೆಯ ವಿವರ) ತರಿಸಿದ್ರೆ ಎಂಜಿನ್ ನಂಬರೂ ತಾಳೆ ನೋಡಬಹುದು.

ಸುರೇಶ: ಸಾಗಿಸೋದು ಹೇಗೆ? ಕಾರು ಸ್ಟ್ಯಾಂಡ್ ಮೇಲಿದೆಯಲ್ಲ.

ವೀಣಾ: ಚಕ್ರದ ಮೇಲೆ ನಿಲ್ಲಿಸ್ಬೇಕು. ಮುಂದಿನ ಚಕ್ರ ಹಿಡಿಯೋ ಅಡ್ಡ ತೊಲೆ, ಕ್ರಾಸ್‌ಮೆಂಬರ್‌ಗೆ ನಾಲ್ಕೇ ದೊಡ್ಡ ಬೋಲ್ಟು, ಹಿಂದೆ ಆಕ್ಸಲ್ಲು, ಪಟ್ಟಿ ಸ್ಪ್ರಿಂಗು. ಉರುಳೋ ಕಾರನ್ನ ವಿಂಚಲ್ಲಿ ಟ್ರೇಲರ್‌ಗೆ ಎಳೀಬಹುದು. ವೈರ್ ವೀಲ್ ಹಬ್ ಜೋಡಿಸುವಾಗ ಹುಷಾರು, ಎಡಕ್ಕೂ ಬಲಕ್ಕೂ ತಿರುಪಿನ ದಿಕ್ಕು ಉಲ್ಟಾ. ಅದಲು ಬದಲಾದ್ರೆ ಓಡ್ತಾ ಓಡ್ತಾ ಸ್ಪಿನ್ನರ್, ಅಂದ್ರೆ ಚಕ್ರ ಹಿಡಿಯೋ ನಡುವಿನ ನಟ್ಟು, ಸಡಿಲ ಆಗಿ ಚಕ್ರಾನೇ ಕಳಚುತ್ತೆ.

ರಘು: ಆ ಡಬ್ಬದಲ್ಲಿ ಹಬ್ಬುಗಳಿಗೆ ಯಾವ ಗುರುತೂ ಇಲ್ಲ.

ವೀಣಾ: ಸ್ಪಿನ್ನರ್ ಮೇಲೆ ಬಾಣದ ಗುರುತಿರುತ್ತೆ, ಬಿಚ್ಚೋ ದಿಕ್ಕು ಅದು. ಒಂದೊಂದನ್ನೂ ಹಬ್ಬಿಗೆ ಕೈಯಲ್ಲಿ ತಿರುಗಿಸಿ ಜೋಡಿ ಮಾಡಿ ಹಗ್ಗ ಕಟ್ಟು. ಶನಿವಾರ ನಾನೂ ಬರ್ತೀನಿ, ಕ್ರಾಸ್‌ಮೆಂಬರ್ ಎತ್ತೋಕೆ ಇಬ್ಬರು ಬೇಕು.