500 ಗಜದ ಎಲ್ಕ್ ಈಡಿಗೆ 7 ಎಂಎಂ ಮ್ಯಾಗ್ನಮ್‌ನಲ್ಲಿ ಯಾವ ಗುಂಡು?

ಕಾಡುದಾರಿ:
ಅಕ್ಟೋಬರ್‌ಗೆ ಅಮೆರಿಕದ ಕೊಲೊರಾಡೊದಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಲೈಸೆನ್ಸ್ ಸಿಕ್ಕಿದೆ. ರೈಫಲ್ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, 24 ಇಂಚಿನ ಬ್ಯಾರೆಲ್, 1:9.5 ಟ್ವಿಸ್ಟ್ (ಗುಂಡನ್ನು ತಿರುಗಿಸುವ ಒಳಗೆರೆಗಳು 9.5 ಇಂಚಿಗೆ ಒಂದು ಸುತ್ತು). ಜಾಗ ಸುಮಾರು 8000 ಅಡಿ ಎತ್ತರದಲ್ಲಿದೆ. ಬೆಳಗ್ಗೆ ಬಯಲು, ಹೊತ್ತೇರಿದ ಮೇಲೆ ದಟ್ಟ ಮರಗಳ ನಡುವೆ. 500 ಗಜದಾಚೆ ಹೊಡೆಯುವ ಯೋಚನೆಯಿಲ್ಲ. ಹಾರ್ನಡಿ 162 ಗ್ರೇನ್ (ಗುಂಡು ತೂಗುವ ಅಳತೆ) ಇಎಲ್‌ಡಿ-ಎಕ್ಸ್, ನಾಸ್ಲರ್ 160 ಗ್ರೇನ್ ಅಕ್ಯುಬಾಂಡ್, ಬಾರ್ನ್ಸ್ 145 ಗ್ರೇನ್ ಎಲ್‌ಆರ್‌ಎಕ್ಸ್, ಈ ಮೂರರಲ್ಲಿ ಯಾವುದು? ಬಿ.ಸಿ. (ಗುಂಡು ಗಾಳಿಯನ್ನು ಸೀಳಿ ವೇಗ ಉಳಿಸಿಕೊಳ್ಳುವುದರ ಅಂಕ) ಜಾಸ್ತಿ ಇರುವುದನ್ನೇ ತಗೋ ಅನ್ನುವವರು ಕೆಲವರು, ತಾಗುವಾಗ 1500 ಫುಟ್-ಪೌಂಡ್ ಶಕ್ತಿ ಉಳಿದರೆ ಯಾವುದಾದರೂ ಸರಿ ಅನ್ನುವವರು ಕೆಲವರು. 175 ಗ್ರೇನ್ ಇಎಲ್‌ಡಿ-ಎಕ್ಸ್ ಈ ಟ್ವಿಸ್ಟ್‌ಗೆ ಆಗುತ್ತದಾ?

ಗುರಿಕಾರ:
ಮೊದಲು ಕಾನೂನು ಮುಗಿಸಿಬಿಡೋಣ. ಕೊಲೊರಾಡೊದಲ್ಲಿ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್ (ಅಡ್ಡಳತೆ, ಇಂಚಿನಲ್ಲಿ), ಕನಿಷ್ಠ 85 ಗ್ರೇನ್ ತೂಕದ ಅರಳುವ ಗುಂಡು, 100 ಗಜದಲ್ಲಿ 1000 ಫುಟ್-ಪೌಂಡ್ ಬೇಕು. ನಿಮ್ಮ ಮೂರೂ ಇದನ್ನು ಸಲೀಸಾಗಿ ದಾಟುತ್ತವೆ.

ಇನ್ನು ಆ 1500ರ ಲೆಕ್ಕ. ಅದು ಬಾಯಿಂದ ಬಾಯಿಗೆ ಬಂದ ಅಂದಾಜು, ಅಷ್ಟೆ. ಎಲ್ಕನ್ನು ಬೀಳಿಸುವುದು ಅರಳಿದ ಗುಂಡು ಶ್ವಾಸಕೋಶದಲ್ಲಿ ಮಾಡುವ ಗಾಯ. ಹಾಗೆ ಅರಳಬೇಕಾದರೆ ತಾಗುವಾಗಿನ ವೇಗ ಆ ಗುಂಡಿಗೆ ಒಗ್ಗುವಂತಿರಬೇಕು. ತೀರಾ ಕಮ್ಮಿಯಾದರೆ ಗುಂಡು ಮುಚ್ಚಿಕೊಂಡೇ ಆಚೆ ಹೋಗುತ್ತದೆ: ಸಣ್ಣ ತೂತು, ನೆಲದ ಮೇಲೆ ರಕ್ತವೇ ಇಲ್ಲ, ಪ್ರಾಣಿ ಮರಗಳೊಳಗೆ ಮಾಯ. ತೀರಾ ಹೆಚ್ಚಾದರೆ ಮೆದು ಗುಂಡು ಭುಜದ ಮೂಳೆಯ ಮೇಲೇ ಚೂರಾಗುತ್ತದೆ, ಒಳಕ್ಕೆ ಇಳಿಯುವುದೇ ಇಲ್ಲ.

ಅಕ್ಯುಬಾಂಡ್‌ಗೆ ನಾಸ್ಲರ್ ಹೇಳುವ ಕೆಳಮಿತಿ ಸೆಕೆಂಡಿಗೆ 1800 ಅಡಿ. 2950ಕ್ಕೆ ಹೊರಟ 160 ಗ್ರೇನ್ ಗುಂಡು ಸಮುದ್ರಮಟ್ಟದಲ್ಲಿ 500 ಗಜಕ್ಕೆ 2000ದ ಆಸುಪಾಸಿನಲ್ಲಿರುತ್ತದೆ. 8000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸುಮಾರು ಐದರಲ್ಲೊಂದು ಪಾಲು ಕಮ್ಮಿ, ಹಾಗಾಗಿ ಸೆಕೆಂಡಿಗೆ ಇನ್ನೊಂದು 150 ಅಡಿ ವೇಗ ಹೆಚ್ಚೇ ಉಳಿಯುತ್ತದೆ. 162 ಇಎಲ್‌ಡಿ-ಎಕ್ಸ್ 2940ಕ್ಕೆ ಹೊರಟರೆ ಸಮುದ್ರಮಟ್ಟದಲ್ಲೇ 2100ರ ಹತ್ತಿರ. ಅಂದರೆ ದೂರದ ತುದಿಯಲ್ಲಿ ಎರಡಕ್ಕೂ ತೊಂದರೆಯಿಲ್ಲ. ತೊಂದರೆ ಇರುವುದು ಹತ್ತಿರದಲ್ಲಿ! ಮಧ್ಯಾಹ್ನ ಮರಗಳ ನಡುವೆ 60 ಗಜದಲ್ಲಿ ಗಂಡು ಎಲ್ಕ್ ಓರೆಯಾಗಿ ನಿಂತರೆ ಗುಂಡು ತಾಗುವುದು 2800ರ ಮೇಲೆ. ಇಎಲ್‌ಡಿ-ಎಕ್ಸ್‌ನಲ್ಲಿ ಸೀಸವೂ ತಾಮ್ರದ ಹೊದಿಕೆಯೂ ಬೆಸೆದಿಲ್ಲ. ಪಕ್ಕೆಲುಬಿಗೆ ಭಯಂಕರ ಕೆಲಸ ಮಾಡುತ್ತದೆ, ಆದರೆ ಭುಜದ ಗೆಣ್ಣಿಗೆ ಬಿದ್ದರೆ ಭರವಸೆ ಕೊಡಲಾಗದು. ಅಕ್ಯುಬಾಂಡ್‌ನಲ್ಲಿ ಎರಡೂ ಬೆಸೆದುಕೊಂಡಿರುವುದರಿಂದ ತೂಕದ ಅರ್ಧಕ್ಕಿಂತ ಹೆಚ್ಚು ಒಟ್ಟಿಗೇ ಉಳಿದು ಮುಂದೆ ನುಗ್ಗುತ್ತದೆ. ನೀವು ಹೇಳಿದ ಜಾಗಕ್ಕೆ ನನ್ನ ಓಟು ಅದಕ್ಕೇ.

175 ಬೇಡ. ಅದು ಉದ್ದದ ಗುಂಡು, 8 ಅಥವಾ 8.5ರ ಟ್ವಿಸ್ಟ್ ಇದ್ದವರಿಗೆ. 9.5ರಲ್ಲಿ ಅದರ ಸ್ಥಿರತೆ ಅಂಚಿನಲ್ಲಿರುತ್ತದೆ. ತೆಳು ಗಾಳಿಯಲ್ಲಿ ಸ್ವಲ್ಪ ಸುಧಾರಿಸುತ್ತದೆ ನಿಜ, ಆದರೆ ಕೆಳಗೆ ತಣ್ಣನೆಯ ದಟ್ಟ ಗಾಳಿಯಲ್ಲಿ ಅಭ್ಯಾಸ ಮಾಡುವಾಗ ಗುಂಪು (ಗುರಿಹಲಗೆಯ ಮೇಲೆ ಬಿದ್ದ ತೂತುಗಳು) ಹರಡಿ, ಡಬ್ಬಿಯ ಮೇಲಿನ ಬಿ.ಸಿ. ಕೂಡ ಸಿಗದೆ ತಲೆಕೆಡುತ್ತದೆ.

ತಾಮ್ರಪ್ರಿಯ:
ಗುರಿಕಾರರ ಮಾತಿಗೆ ಹೆಚ್ಚಿನಂಶ ಒಪ್ಪಿಗೆ, ಆದರೆ ಎಲ್‌ಆರ್‌ಎಕ್ಸ್‌ ಕಡೆ ಅವರು ತಿರುಗಿಯೂ ನೋಡಲಿಲ್ಲ. ಪೂರ್ತಿ ತಾಮ್ರದ ಗುಂಡು ತೂಕ ಕಳೆದುಕೊಳ್ಳುವುದೇ ಅಪರೂಪ, 145 ಗ್ರೇನ್ ಇದ್ದರೂ ಮೂಳೆ ಮುರಿದು ಆಚೆ ಬರುತ್ತದೆ. ಮಾಂಸದಲ್ಲಿ ಸೀಸದ ಚೂರು ಉಳಿಯುವ ಚಿಂತೆಯಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ, ಅಲ್ಲಿಗೆ ಹೋಗುವುದಾದರೆ ಆಯ್ಕೆಯೇ ಬೇರೆ.

ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅದಕ್ಕೇ ತಾಮ್ರದಲ್ಲಿ ಭಾರ ಹುಡುಕಬೇಡಿ, ವೇಗ ಹುಡುಕಿ. ಸೀಸದ ಗುಂಡು ಹೊಡೆದ ಬ್ಯಾರೆಲ್‌ಗೆ ನೇರವಾಗಿ ತಾಮ್ರ ಹಾಕಿ ಗುಂಪು ಕೆಟ್ಟಿತೆಂದು ಬೈಯಬೇಡಿ. ಆ ಗುಂಡುಗಳ ಹೊದಿಕೆಯಿಂದ ಅಂಟಿದ ಹಳೆಯ ತಾಮ್ರದ ಪದರ ತೆಗೆಯುವ ದ್ರಾವಣದಿಂದ ಚೆನ್ನಾಗಿ ತೊಳೆದು, ಕೆಲವು ಈಡು ಹೊಡೆದು, ಆಮೇಲೆ ಜೀರೋ ಮಾಡಿ (ಗುಂಡು ಬೀಳುವಲ್ಲಿಗೆ ಸ್ಕೋಪ್ ಹೊಂದಿಸಿ).

ರೀಲೋಡರ್:
ಮನೆಯಲ್ಲೇ ತೋಟಾ ತುಂಬುವುದಾದರೆ ಎರಡು ವಿಷಯ. ಬಾರ್ನ್ಸ್ ಗುಂಡನ್ನು ಬ್ಯಾರೆಲ್‌ನ ಗೆರೆಗಳಿಗೆ ತಾಗಿಸಿ ಕೂರಿಸಬೇಡಿ. ಸುಮಾರು .050 ಇಂಚು ಅಂತರದಿಂದ ಶುರುಮಾಡಿ, ಗುಂಪು ಸರಿಹೋಗುವವರೆಗೆ ಒಳಕ್ಕೆ ಸರಿಸಿ. 7 ಎಂಎಂ ಮ್ಯಾಗ್ನಮ್ ತೋಟಾದ ಪೂರ್ತಿ ಉದ್ದದ ಮಿತಿ 3.290 ಇಂಚು. ಅದನ್ನು ಮೀರಿದ ತೋಟಾ ಮ್ಯಾಗಜೀನ್‌ನಲ್ಲಿ ಸಿಕ್ಕಿಕೊಳ್ಳುವುದು ಸರಿಯಾಗಿ ಎರಡನೇ ಈಡು ಬೇಕಾದಾಗಲೇ. ಮದ್ದಿಗೆ ಹಾಡ್ಗ್‌ಡನ್ ಎಚ್1000 ನೋಡಿ, ಚಳಿ ಬಿಸಿಗೆ ಅದರ ವೇಗ ಅಷ್ಟಾಗಿ ಏರುಪೇರಾಗುವುದಿಲ್ಲ. ಪ್ರಮಾಣ ಮಾತ್ರ ಕೈಪಿಡಿಯಿಂದಲೇ ತಗೊಳ್ಳಿ, ಯಾರೋ ಬರೆದದ್ದನ್ನು ನಂಬಿ ತುಂಬಬೇಡಿ, ನಾನು ಬರೆದರೂ ಅಷ್ಟೇ.

ಅಂಗಡಿಯ ತೋಟಾ ಆದರೆ ಡಬ್ಬಿಯ ಮೇಲಿನ ವೇಗವನ್ನು ಲೆಕ್ಕಕ್ಕೆ ಹಾಕುವ ಮುಂಚೆ ಕ್ರೊನೊಗ್ರಾಫ್‌ನಲ್ಲಿ ನಿಮ್ಮ ಬ್ಯಾರೆಲ್‌ನದೇ ವೇಗ ಅಳೆಯಿರಿ. 50, 60 ಅಡಿ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ.

ಕಾಡುದಾರಿ:
ಅಕ್ಯುಬಾಂಡ್ ಕಡೆ ವಾಲಿದ್ದೇನೆ. ಆದರೆ ಇಎಲ್‌ಡಿ-ಎಕ್ಸ್‌ನ ಬಿ.ಸಿ. .631 ಬಿಟ್ಟು ಅಕ್ಯುಬಾಂಡ್‌ನ .531 ತಗೊಂಡರೆ ಗಾಳಿಯಲ್ಲಿ ನಷ್ಟ ಆಗಲ್ವಾ?

ಗುರಿಕಾರ:
ಆಗುತ್ತದೆ, ಎಷ್ಟೆಂದು ನೋಡಿ. 8000 ಅಡಿಯಲ್ಲಿ ಗಂಟೆಗೆ 10 ಮೈಲಿ ಅಡ್ಡಗಾಳಿ ಇದ್ದರೆ 500 ಗಜಕ್ಕೆ ಇಎಲ್‌ಡಿ-ಎಕ್ಸ್ ಸುಮಾರು 13 ಇಂಚು ಸರಿಯುತ್ತದೆ, ಅಕ್ಯುಬಾಂಡ್ 15, 16. ವ್ಯತ್ಯಾಸ ಎರಡೂವರೆ ಇಂಚು. ಗಾಳಿಯನ್ನೇ ನೀವು 5 ಮೈಲಿ ತಪ್ಪಾಗಿ ಅಂದಾಜಿಸಿದರೆ ಯಾವ ಗುಂಡಾದರೂ ಆರೂವರೆ ಇಂಚಿಗೆ ಕಮ್ಮಿಯಿಲ್ಲದೆ ತಪ್ಪುತ್ತದೆ. ಅದರ ಮೇಲೆ ಬೆನ್ನುಚೀಲಕ್ಕೆ ಕೋವಿ ಆನಿಸಿ ಹೊಡೆದಾಗ ಗುಂಪು 1.5 ಎಂಒಎ (ಕೋನದ ಅಳತೆ, 100 ಗಜಕ್ಕೆ ಒಂದು ಎಂಒಎ ಅಂದರೆ ಇಂಚಿಗಿಂತ ತುಸು ಹೆಚ್ಚು) ಅಂದುಕೊಂಡರೆ 500 ಗಜದಲ್ಲಿ ಅದು ಎಂಟು ಇಂಚು ಅಗಲ, ನಡುವಿನಿಂದ ನಾಲ್ಕು. ಎಲ್ಕ್‌ನ ಹೃದಯ, ಶ್ವಾಸಕೋಶದ ಜಾಗ ಸುಮಾರು 14 ಇಂಚು, ಅಂದರೆ ನಡುವಿನಿಂದ ಏಳೇ. ಆರೂವರೆಗೆ ನಾಲ್ಕು ಸೇರಿಸಿ ನೋಡಿ, ಹೊಟ್ಟೆಗೆ ಬಿತ್ತು ಅಂತಲೇ ಲೆಕ್ಕ. ಎರಡೂವರೆ ಇಂಚಿನ ಬಿ.ಸಿ. ಇದನ್ನು ಉಳಿಸುವುದಿಲ್ಲ.

ಕಣಿವೆಯಾಚೆ ಹೊಡೆಯುವಾಗ ನಿಮ್ಮ ಮುಖಕ್ಕೆ ತಾಗುವ ಗಾಳಿಯೇ ಬೇರೆ, ನಡುವಿನದೇ ಬೇರೆ. ದುರ್ಬೀನಿನಲ್ಲಿ ನಡುದಾರಿಯ ಹುಲ್ಲು ನೋಡಿ. ತಿಳಿಯದಿದ್ದರೆ 300ಕ್ಕೆ ಹತ್ತಿರ ಸರಿಯಿರಿ.

ಕಡಿದಾದ ಇಳಿಜಾರಿನಲ್ಲಿ ರೇಂಜ್‌ಫೈಂಡರ್ (ದೂರಮಾಪಕ) ತೋರಿಸುವ ಅಡ್ಡದೂರವನ್ನೇ ಸ್ಕೋಪಿನಲ್ಲಿ ಡಯಲ್ ಮಾಡಿ: 30 ಡಿಗ್ರಿಯಲ್ಲಿ 500 ಗಜ ಅಂದರೆ 433. ತಗುಲಿದ ಮೇಲೂ ಎಲ್ಕ್ ಏನೂ ಆಗದಂತೆ ನಿಂತಿರುವುದುಂಟು. ಬೋಲ್ಟ್ ಎಳೆದು ಮತ್ತೊಂದು ತೋಟಾ ಏರಿಸಿ, ಅದು ನಿಂತಿರುವಷ್ಟು ಹೊತ್ತೂ ಹೊಡೆಯಿರಿ.

ತಾಮ್ರಪ್ರಿಯ:
ಆ ಎರಡನೇ ಈಡಿಗೂ ಅದೇ ಡಬ್ಬಿಯ ತೋಟಾ ಇರಲಿ. ಒಂದೇ ಮ್ಯಾಗಜೀನ್‌ನಲ್ಲಿ ಎರಡು ಬಗೆಯ ಗುಂಡು ಬೆರೆಸುವವರಿದ್ದಾರೆ, ಜೀರೋ ಬೇರೆ ಬೇರೆ ಅನ್ನುವುದೇ ಮರೆತಿರುತ್ತದೆ.