ವಾರದ ನಂಬರ್ ಒನ್ ಚಾನೆಲ್‌ಗೆ ಜಾಹೀರಾತು ದರ ಮಾತ್ರ ಯಾಕೆ ಕಮ್ಮಿ?

ಅಂಕಿಗಿರಾಕಿ:

ಟಿವಿ ರೇಟಿಂಗ್ ಪಟ್ಟಿ ನೋಡುವಾಗ ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಒಟ್ಟು ವೀಕ್ಷಕರಲ್ಲಿ ಮೊದಲಿರುವ ಚಾನೆಲ್‌ಗಿಂತ ಮೂರನೇ ಸ್ಥಾನದ ಚಾನೆಲ್ ಹತ್ತು ಸೆಕೆಂಡಿನ ಸ್ಪಾಟ್‌ಗೆ ಹೆಚ್ಚು ದರ ಕೇಳುವುದುಂಟು, ಅದಕ್ಕೆ ಕೊಳ್ಳುವವರೂ ಸಿಗುತ್ತಾರೆ. ರೇಟಿಂಗೇ ದುಡ್ಡು ಅನ್ನೋದಾದರೆ ಇದು ಹೇಗೆ ಸಾಧ್ಯ? ಇನ್ನೊಂದು ಅನುಮಾನ: ಈ ವಾರ ಮೊದಲಿದ್ದ ಧಾರಾವಾಹಿ ಮುಂದಿನ ವಾರ ಮೂರಕ್ಕೆ ಇಳಿದಿರುತ್ತದೆ. ಅದೇ ಕಥೆ, ಅದೇ ಹೊತ್ತು. ಜನ ನಿಜವಾಗಿಯೂ ಅಷ್ಟು ಬೇಗ ಕೈಬಿಡ್ತಾರಾ? ‘ಒಳ್ಳೇದು ಕೊಟ್ಟರೆ ಜನ ನೋಡ್ತಾರೆ’ ಅನ್ನುವ ಥರದ ಉತ್ತರ ಬೇಡ, ಲೆಕ್ಕ ಗೊತ್ತಿರುವವರು ಬಿಡಿಸಿ ಹೇಳಿ.

ಸ್ಪಾಟ್‌ಲೆಕ್ಕ:

‘ನಂಬರ್ ಒನ್’ ಅಂತ ಕಂಡಾಗ ಯಾವ ಮಾರುಕಟ್ಟೆ, ಯಾವ ವಯಸ್ಸು, ಯಾವ ಹೊತ್ತು, ಎಷ್ಟು ವಾರ ಅನ್ನುವುದನ್ನು ಮೊದಲು ಹುಡುಕಿ. ಜಾಹೀರಾತಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಈ ನಾಲ್ಕನ್ನು ಬೇಕಾದಂತೆ ಕತ್ತರಿಸಿಕೊಂಡರೆ ಮೂರು ಚಾನೆಲ್‌ಗಳು ಒಂದೇ ವಾರ ನಂಬರ್ ಒನ್ ಆಗಬಹುದು, ಯಾರೂ ಸುಳ್ಳು ಹೇಳಬೇಕಿಲ್ಲ.

ರೇಟಿಂಗ್ ಅಂದರೆ ‘ಎಷ್ಟು ಜನ ನೋಡಿದರು’ ಅಲ್ಲ, ಸರಾಸರಿ ಒಂದು ನಿಮಿಷಕ್ಕೆ ಎಷ್ಟು ಜನ ಇದ್ದರು ಅನ್ನುವುದು. 1,000 ಜನರಲ್ಲಿ 200 ಜನ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಬಂದು, ಸರಾಸರಿ 12 ನಿಮಿಷ ಕೂತು ಎದ್ದರು ಅನ್ನಿ. 200 × 12 ÷ 30 = 80. ಅಂದರೆ 1,000ದಲ್ಲಿ 80, ರೇಟಿಂಗ್ 8 ಪ್ರತಿಶತ; ಒಮ್ಮೆಯಾದರೂ ಬಂದವರ ಪಾಲು, ಅಂದರೆ ರೀಚ್, 20 ಪ್ರತಿಶತ. ಪಕ್ಕದ ಚಾನೆಲ್‌ಗೆ ಬಂದವರು 120 ಜನರೇ, ಆದರೆ 24 ನಿಮಿಷ ಕೂತರು. 120 × 24 ÷ 30 = 96, ರೇಟಿಂಗ್ 9.6. ಬಂದವರು ಕಡಿಮೆ, ಗೆದ್ದವರು ಅವರೇ. ಇನ್ನು ಷೇರ್ ಅಂದರೆ ಆ ಹೊತ್ತಿಗೆ ಟಿವಿ ಮುಂದೆ ಇದ್ದವರಲ್ಲಿ ನಿಮ್ಮ ಪಾಲು. ನಡುರಾತ್ರಿ ರೇಟಿಂಗ್ 1 ಇದ್ದರೂ ಷೇರ್ 30 ಇರಬಹುದು. ಹೆಮ್ಮೆ ಪಡಬಹುದು, ಮಾರಲಿಕ್ಕೆ ಬರುವುದಿಲ್ಲ.

ಈಗ ದುಡ್ಡಿಗೆ ಬನ್ನಿ. ಜಾಹೀರಾತು ಕೊಡುವವರು ಕೊಳ್ಳುವುದು ತಮ್ಮ ಗುರಿ ಗುಂಪಿನ ರೇಟಿಂಗ್ ಅಂಕಗಳನ್ನು. ಒಂದು ಅಂಕಕ್ಕೆ ಬೀಳುವ ವೆಚ್ಚವನ್ನು ಸಿಪಿಆರ್‌ಪಿ ಅನ್ನುತ್ತಾರೆ. ‘ಅ’ ಚಾನೆಲ್‌ಗೆ ಒಟ್ಟಾರೆ ರೇಟಿಂಗ್ 5, ಆದರೆ ಬ್ರ್ಯಾಂಡ್‌ಗೆ ಬೇಕಾದ ವಯಸ್ಸಿನವರಲ್ಲಿ 2 ಮಾತ್ರ. ‘ಆ’ ಚಾನೆಲ್‌ಗೆ ಒಟ್ಟಾರೆ 3, ಗುರಿ ಗುಂಪಿನಲ್ಲೂ 3. ‘ಅ’ ಒಂದು ಸ್ಪಾಟ್‌ಗೆ 10,000 ಕೇಳಿದರೆ ಗುರಿ ಗುಂಪಿನ ಸಿಪಿಆರ್‌ಪಿ 5,000. ‘ಆ’ 12,000 ಕೇಳಿದರೂ 4,000. ಮೇಲ್ನೋಟಕ್ಕೆ ದುಬಾರಿ ಕಂಡದ್ದೇ ಅಗ್ಗ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬಹುಪಾಲು ಇಷ್ಟೇ.

ಇದು ಕಾಗದದ ಮೇಲಿನ ಮಾತಲ್ಲ. ಅಮೆರಿಕದ ಟಿವಿ ನೆಟ್‌ವರ್ಕ್ ಸಿಬಿಎಸ್ 1971ರಲ್ಲಿ ಹಳ್ಳಿ ಹಿನ್ನೆಲೆಯ ಹಲವು ಕಾರ್ಯಕ್ರಮಗಳನ್ನು ಒಟ್ಟಿಗೆ ಕೈಬಿಟ್ಟಿತು. ಅವುಗಳಲ್ಲಿ ಕೆಲವಕ್ಕೆ ಆಗಲೂ ನೋಡುಗರು ದಂಡಿಯಾಗಿದ್ದರು. ಆದರೆ ಅವರಲ್ಲಿ ವಯಸ್ಸಾದವರು, ಹಳ್ಳಿಯವರು ಹೆಚ್ಚು. ಜಾಹೀರಾತುದಾರರಿಗೆ ಬೇಕಿದ್ದದ್ದು ನಗರದ ಯುವಕರು. ಮುಂದೆ ದಶಕಗಳ ಕಾಲ ಅಲ್ಲಿನ ವ್ಯಾಪಾರ ನಡೆದದ್ದು 18ರಿಂದ 49 ವಯಸ್ಸಿನವರ ಲೆಕ್ಕದ ಮೇಲೆ.

ಮೀಟರ್‌ಮನೆ:

ಎರಡನೇ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಜನ ಬಿಟ್ಟು ಹೋಗಿಲ್ಲ, ಸ್ಯಾಂಪಲ್ ಅಲ್ಲಾಡಿದೆ, ಅಷ್ಟೆ.

ಟಿವಿ ನೋಡುವುದನ್ನು ಅಳೆಯುವ ಮೀಟರ್ ಎಲ್ಲ ಮನೆಗಳಲ್ಲೂ ಇರುವುದಿಲ್ಲ, ಆಯ್ದ ಮನೆಗಳ ಪ್ಯಾನೆಲ್ ಇರುತ್ತದೆ. 1,000 ಮನೆಗಳ ಪ್ಯಾನೆಲ್‌ನಲ್ಲಿ ರೇಟಿಂಗ್ 1 ಬಂದರೆ, 95 ಪ್ರತಿಶತ ಭರವಸೆಯಲ್ಲಿ ನಿಜವಾದ ಅಂಕಿ ಸುಮಾರು 0.4ರಿಂದ 1.6ರ ನಡುವೆ ಎಲ್ಲಿಯಾದರೂ ಇರಬಹುದು. 10,000 ಮನೆ ಮಾಡಿದರೂ 0.8ರಿಂದ 1.2. ಪ್ಯಾನೆಲ್ ಹತ್ತು ಪಟ್ಟಾದರೂ ತಪ್ಪಿನ ಅಂತರ ಇಳಿಯುವುದು ಮೂರರಲ್ಲೊಂದು ಭಾಗಕ್ಕೆ. ಹಾಗಾಗಿ 1.0, 1.1, 1.3 ಬಂದ ಮೂರು ಚಾನೆಲ್‌ಗಳ ನಡುವೆ ಸ್ಥಾನ ಹಂಚುವುದೇ ತಮಾಷೆ. ಇಡೀ ದೇಶದ ಅಂಕಿ ಗಟ್ಟಿಯಾಗಿಯೇ ಇರುತ್ತದೆ. ಅದನ್ನೇ ಒಂದು ಪ್ರಾಂತ್ಯ, ಒಂದು ಭಾಷೆ, 15ರಿಂದ 21 ವಯಸ್ಸು, ಒಂದು ಅರ್ಧ ಗಂಟೆ ಅಂತ ಸೀಳುತ್ತಾ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಬೆರಳೆಣಿಕೆಯ ಮನೆಗಳು. ಅದರಲ್ಲಿ ಎರಡು ಮನೆಯವರು ಊರಿಗೆ ಹೋದರೆ ರೇಟಿಂಗ್ ಕುಸಿಯುತ್ತದೆ.

ಅದಕ್ಕೇ ಸುದ್ದಿ ಚಾನೆಲ್‌ಗಳಂಥ ಸಣ್ಣ ಅಂಕಿಗಳಿಗೆ ವಾರದ ಲೆಕ್ಕ ಅಪಾಯ. ಭಾರತದಲ್ಲಿ 2020ರ ಅಕ್ಟೋಬರ್‌ನಲ್ಲಿ ಟಿಆರ್‌ಪಿ ತಿರುಚಿದ ಆರೋಪದ ಮೇಲೆ ಮುಂಬೈ ಪೊಲೀಸರ ಪ್ರಕರಣ ಎದ್ದಾಗ, ಇಲ್ಲಿ ರೇಟಿಂಗ್ ಅಳೆಯುವ ಬಾರ್ಕ್ ಸಂಸ್ಥೆ ಸುದ್ದಿ ಚಾನೆಲ್‌ಗಳ ರೇಟಿಂಗ್ ನಿಲ್ಲಿಸಿತು. 2022ರ ಮಾರ್ಚ್‌ನಲ್ಲಿ ಮತ್ತೆ ಕೊಟ್ಟಾಗ ನಾಲ್ಕು ವಾರಗಳ ಉರುಳು ಸರಾಸರಿಯಾಗಿ, ಅಂದರೆ ಪ್ರತಿ ವಾರ ಹಿಂದಿನ ನಾಲ್ಕು ವಾರಗಳ ಸರಾಸರಿಯಾಗಿ ಕೊಟ್ಟಿತು. ಮೊದಲೇ ಹಾಗಿದ್ದರೆ ಚೆನ್ನಾಗಿತ್ತು ಅನ್ನುವುದು ನನ್ನ ಅಭಿಪ್ರಾಯ.

ಅಳತೆಯೊಳಗೆ ಎಡವುವ ಜಾಗಗಳೂ ಇವೆ. ಬಾರ್ಕ್ ಪದ್ಧತಿಯಲ್ಲಿ ಚಾನೆಲ್‌ನ ಧ್ವನಿಯೊಳಗೆ ಕಿವಿಗೆ ಕೇಳದ ಗುರುತು, ಅಂದರೆ ವಾಟರ್‌ಮಾರ್ಕ್, ಸೇರಿಸುತ್ತಾರೆ, ಮನೆಯ ಮೀಟರ್ ಅದನ್ನು ಹಿಡಿಯುತ್ತದೆ. ಪ್ರಸಾರ ಕೇಂದ್ರದಲ್ಲಿ ಅದನ್ನು ಸೇರಿಸುವ ಯಂತ್ರ, ಅಂದರೆ ಎಂಬೆಡರ್, ಕೆಟ್ಟರೆ ಚಿತ್ರ ಚೆನ್ನಾಗಿಯೇ ಹೋಗುತ್ತಿರುತ್ತದೆ, ಜನ ನೋಡುತ್ತಲೂ ಇರುತ್ತಾರೆ, ಲೆಕ್ಕದಲ್ಲಿ ಮಾತ್ರ ನೀವಿಲ್ಲ. ಅದಕ್ಕೆ ಜೋಡಿ ಎಂಬೆಡರ್ ಮತ್ತು ವಾಟರ್‌ಮಾರ್ಕ್ ಇದೆಯೋ ಇಲ್ಲವೋ ಅಂತ ಕಾಯುವ ಅಲಾರಂ ಬೇಕೇ ಬೇಕು. ಇನ್ನು ಮನೆಯಲ್ಲಿ ಯಾರು ಕೂತಿದ್ದಾರೆ ಅಂತ ಮೀಟರ್‌ಗೆ ತಾನಾಗಿ ತಿಳಿಯದು, ಅವರವರ ಬಟನ್ ಅವರೇ ಒತ್ತಬೇಕು. ಮಕ್ಕಳು ಒತ್ತುವುದಿಲ್ಲ, ಅತಿಥಿಗಳಂತೂ ಕೇಳಲೇಬೇಡಿ.

ಲ್ಯಾಂಡಿಂಗ್ ಪೇಜ್ ಮತ್ತೊಂದು. ಸೆಟ್‌ಟಾಪ್ ಬಾಕ್ಸ್ ಆನ್ ಮಾಡಿದ ಕೂಡಲೇ ಬರುವ ಚಾನೆಲ್ ಯಾವುದಾಗಬೇಕು ಅನ್ನುವುದಕ್ಕೆ ವಿತರಕರಿಗೆ ದುಡ್ಡು ಕೊಡುತ್ತಾರೆ. ರೀಚ್ ಒಮ್ಮೆಲೇ ಜಿಗಿಯುತ್ತದೆ, ನೋಡಿದ ಸಮಯ ಮಾತ್ರ ಪಾತಾಳದಲ್ಲಿರುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಗುಟ್ಟು ರಟ್ಟು.

ಎಫ್‌ಪಿಸಿ ಮೇಷ್ಟ್ರು:

ಮೇಲಿನ ಇಬ್ಬರೂ ಅಂಕಿ ಬಂದ ಮೇಲಿನ ಕಥೆ ಹೇಳಿದರು. ಪೈಪೋಟಿಯ ದೊಡ್ಡ ಪಾಲು ನಡೆಯುವುದು ಎಫ್‌ಪಿಸಿಯಲ್ಲಿ, ಅಂದರೆ ಯಾವ ಹೊತ್ತಿಗೆ ಯಾವುದು ಅನ್ನುವ ಪಟ್ಟಿಯಲ್ಲಿ.

ಹಿಂದಿನ ಕಾರ್ಯಕ್ರಮದ ನೋಡುಗರಲ್ಲಿ ಒಂದಷ್ಟು ಜನ ರಿಮೋಟ್ ಮುಟ್ಟದೆ ಮುಂದಿನದಕ್ಕೂ ಉಳಿಯುತ್ತಾರೆ. ಇದೇ ಲೀಡ್-ಇನ್. ಅಮೆರಿಕದ ಇನ್ನೊಂದು ನೆಟ್‌ವರ್ಕ್ ಎನ್‌ಬಿಸಿ 2009ರ ಸೆಪ್ಟೆಂಬರ್‌ನಲ್ಲಿ ವಾರದ ಐದೂ ರಾತ್ರಿ 10 ಗಂಟೆಗೆ ಧಾರಾವಾಹಿಗಳ ಬದಲು ಜೇ ಲೆನೊ ಅವರ ಮಾತಿನ ಕಾರ್ಯಕ್ರಮ ಹಾಕಿತು. ತಯಾರಿಕೆಯ ಖರ್ಚು ಕಡಿಮೆ, ರೇಟಿಂಗ್ ಸ್ವಲ್ಪ ಇಳಿದರೂ ಲಾಭ ಅನ್ನುವ ಲೆಕ್ಕಾಚಾರ. ಪೆಟ್ಟು ಬಿದ್ದದ್ದು 11 ಗಂಟೆಗೆ: ನೆಟ್‌ವರ್ಕ್‌ನ ಕಾರ್ಯಕ್ರಮಗಳನ್ನು ಊರೂರಲ್ಲಿ ಪ್ರಸಾರ ಮಾಡುವ ಸ್ಥಳೀಯ ಕೇಂದ್ರಗಳ ಸುದ್ದಿಗೆ ಹರಿದು ಬರುತ್ತಿದ್ದ ಜನ ಕಡಿಮೆಯಾದರು. ಆ ಕೇಂದ್ರಗಳ ಗಳಿಕೆಯ ದೊಡ್ಡ ಪಾಲು ಸುದ್ದಿಯ ಮೇಲೆ ನಿಂತಿದ್ದರಿಂದ ಅವು ತಿರುಗಿ ಬಿದ್ದವು, 2010ರ ಫೆಬ್ರವರಿಯಲ್ಲಿ ಆಟ ಮುಗಿಯಿತು. ಒಂದು ಸ್ಲಾಟ್‌ನ ಲಾಭವನ್ನು ಆ ಸ್ಲಾಟ್‌ನೊಳಗೇ ಲೆಕ್ಕ ಹಾಕಿದರೆ ಹೀಗಾಗುತ್ತದೆ.

ಹೊಸ ಧಾರಾವಾಹಿಯನ್ನು ಎರಡು ಗಟ್ಟಿ ಕಾರ್ಯಕ್ರಮಗಳ ನಡುವೆ ಇಡುವುದು ವಾಡಿಕೆ. ಅದು ತೀರಾ ಸೊರಗಿದರೆ ಮೂರನೆಯದಕ್ಕೂ ಸೋಂಕು ತಗಲುತ್ತದೆ. ಎದುರಾಳಿ ಅತ್ತೆ-ಸೊಸೆ ಕಥೆಯಲ್ಲಿ ಬೇರೂರಿದ್ದಾಗ ಅದೇ ಹೊತ್ತಿಗೆ ಇನ್ನೊಂದು ಅತ್ತೆ-ಸೊಸೆ ತರುವುದಕ್ಕಿಂತ, ಅವರ ಬಳಿ ಇಲ್ಲದ ನೋಡುಗರಿಗೆ ಬೇಕಾದದ್ದನ್ನು ಹಾಕುವುದು ಜಾಣತನ.

ನಿಮಿಷಗಳ ಆಟ ಇನ್ನೂ ಸೂಕ್ಷ್ಮ. ಕಾರ್ಯಕ್ರಮವನ್ನು 9 ಗಂಟೆಗೆ ಮುಗಿಸದೆ 9:02ಕ್ಕೆ ಎಳೆದರೆ ಎದುರಾಳಿಯ ಆರಂಭ ತಪ್ಪಿಹೋಗಿರುತ್ತದೆ, ನೋಡುಗ ಇಲ್ಲೇ ಉಳಿಯುತ್ತಾನೆ. ಅಮೆರಿಕದ ಟಿಬಿಎಸ್ 1981ರಿಂದ ಹಲವು ವರ್ಷ ಎಲ್ಲವನ್ನೂ ಗಂಟೆ ಕಳೆದು 5 ನಿಮಿಷಕ್ಕೆ, 35 ನಿಮಿಷಕ್ಕೆ ಶುರು ಮಾಡುತ್ತಿತ್ತು. ಕಾರ್ಯಕ್ರಮ ಪಟ್ಟಿಯಲ್ಲಿ ಅದರ ಹೆಸರು ಬೇರೆಯಾಗಿ ಎದ್ದು ಕಾಣುತ್ತಿತ್ತು ಅನ್ನುವುದು ಇನ್ನೊಂದು ಲಾಭ. ಎರಡು ಕಾರ್ಯಕ್ರಮಗಳ ನಡುವೆ ಬ್ರೇಕ್ ಇಡದಿರುವುದು, ಕೊನೆಯಲ್ಲಿ ಬರುವ ಕಲಾವಿದರ, ತಂತ್ರಜ್ಞರ ಹೆಸರುಗಳನ್ನು ಪರದೆಯ ಮೂಲೆಗೆ ಒತ್ತರಿಸಿ ಮುಂದಿನ ದೃಶ್ಯ ಶುರು ಮಾಡುವುದು, ಮೊದಲ ಬ್ರೇಕನ್ನು ಆದಷ್ಟು ಮುಂದೂಡುವುದು, ಎಲ್ಲವೂ ಸರಾಸರಿ ನಿಮಿಷವನ್ನು ಕಾಪಾಡುವ ಉಪಾಯಗಳೇ.

ಕೆಡುವುದು ಎಲ್ಲಿ ಗೊತ್ತಾ? ಒಂದು ವಾರದ ಅಂಕಿ ನೋಡಿ ಸ್ಲಾಟ್ ಬದಲಿಸುವಲ್ಲಿ. ಮೀಟರ್‌ಮನೆಯವರು ಹೇಳಿದ ಅಲ್ಲಾಟವನ್ನು ಸೋಲು ಅಂದುಕೊಂಡು 7:30ರದ್ದನ್ನು 6:30ಕ್ಕೆ ತಳ್ಳುತ್ತಾರೆ, ಹಳೇ ನೋಡುಗರಿಗೆ ಗೊತ್ತಾಗುವುದಿಲ್ಲ, ಆಮೇಲೆ ನಿಜವಾಗಿಯೂ ಸೋಲುತ್ತದೆ.

ಅಂದಹಾಗೆ ಅಮೆರಿಕದಲ್ಲಿ ರಜೆಯ ದಿನಗಳಲ್ಲಿ ನೋಡುಗರು ಕಡಿಮೆ ಇರುವಾಗ ಸುದ್ದಿ ಕಾರ್ಯಕ್ರಮದ ಹೆಸರಿನ ಕಾಗುಣಿತವನ್ನು ಬೇಕೆಂದೇ ತಪ್ಪಾಗಿ ನಮೂದಿಸಿದ್ದುಂಟು. ಲೆಕ್ಕದಲ್ಲಿ ಅದು ಬೇರೆ ಕಾರ್ಯಕ್ರಮ, ಸರಾಸರಿಗೆ ಪೆಟ್ಟಿಲ್ಲ!

ಅಂಕಿಗಿರಾಕಿ:

ತುಂಬಾ ಥ್ಯಾಂಕ್ಸ್, ಕಾಗುಣಿತದ ವಿಷಯ ಓದಿ ನಗು ತಡೆಯಲಾಗಲಿಲ್ಲ. ಒಂದೇ ಉಳಿದಿದೆ. ರೇಟಿಂಗ್ ಇಳಿದ ಚಾನೆಲ್ ಬ್ರೇಕ್ ಉದ್ದ ಮಾಡಿ ನಷ್ಟ ತುಂಬಿಕೊಳ್ಳಬಹುದಲ್ಲ?

ಸ್ಪಾಟ್‌ಲೆಕ್ಕ:

ಮಾಡುತ್ತಾರೆ, ಆದರೆ ಬೇಗ ಗೋಡೆಗೆ ತಲೆ ತಾಗುತ್ತದೆ. ಭಾರತದ ಕೇಬಲ್ ಟಿವಿ ನಿಯಮದಲ್ಲಿ ಗಂಟೆಗೆ 12 ನಿಮಿಷ: 10 ಜಾಹೀರಾತಿಗೆ, 2 ಚಾನೆಲ್‌ನ ಸ್ವಂತ ಪ್ರಚಾರಕ್ಕೆ. ಇದರ ಜಾರಿಯ ಬಗ್ಗೆ ಕೋರ್ಟ್ ಜಗಳ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ ಬೆಳಗ್ಗೆ 6ರಿಂದ ಸಂಜೆ 6, ಸಂಜೆ 6ರಿಂದ ನಡುರಾತ್ರಿ ಅಂತ ಎರಡು ಭಾಗ ಮಾಡಿ ತಲಾ 20 ಪ್ರತಿಶತ. ಅಮೆರಿಕದಲ್ಲಿ ಮಿತಿ ಇರುವುದು ಮಕ್ಕಳ ಕಾರ್ಯಕ್ರಮಗಳಿಗೆ ಮಾತ್ರ, ವಾರದ ದಿನ ಗಂಟೆಗೆ 12, ವಾರಾಂತ್ಯದಲ್ಲಿ 10.5 ನಿಮಿಷ.

ಮಿತಿ ಇಲ್ಲದಿದ್ದರೂ ಬ್ರೇಕ್ ಉದ್ದವಾದಷ್ಟೂ ಜನ ಎದ್ದು ಹೋಗುತ್ತಾರೆ. ಅಮೆರಿಕದಲ್ಲಿ 2007ರಿಂದ ವ್ಯವಹಾರ ನಡೆದದ್ದೇ ಸಿ3 ಅಂಕಿಯ ಮೇಲೆ, ಅಂದರೆ ಕಾರ್ಯಕ್ರಮದ ಬದಲು ಜಾಹೀರಾತು ನಿಮಿಷಗಳ ಸರಾಸರಿ, ಮೂರು ದಿನದೊಳಗೆ ರೆಕಾರ್ಡಿಂಗ್ ನೋಡಿದವರನ್ನೂ ಸೇರಿಸಿ. ಅಲ್ಲಿ ಬ್ರೇಕ್ ಎಳೆದರೆ ನಿಮ್ಮ ಸರಕಿನ ತೂಕವನ್ನು ನೀವೇ ಇಳಿಸಿಕೊಂಡಂತೆ.

ಅದಕ್ಕಿಂತ ದೊಡ್ಡ ತಲೆನೋವು ಮೇಕ್‌ಗುಡ್, ಅಂದರೆ ಮಾತು ಕೊಟ್ಟಷ್ಟು ನೋಡುಗರು ಬರದಿದ್ದಾಗ ಪುಕ್ಕಟೆ ಸ್ಪಾಟ್ ಕೊಟ್ಟು ಬಾಕಿ ತೀರಿಸುವುದು. ವರ್ಷದ ಸರಕಿನ, ಅಂದರೆ ಜಾಹೀರಾತು ಸಮಯದ, ದೊಡ್ಡ ಪಾಲನ್ನು ಅಮೆರಿಕದ ನೆಟ್‌ವರ್ಕ್‌ಗಳು ಮುಂಚಿತವಾಗಿಯೇ, ಇಷ್ಟು ನೋಡುಗರು ಸಿಗುತ್ತಾರೆ ಅನ್ನುವ ಖಾತರಿಯೊಂದಿಗೆ ಮಾರುತ್ತವೆ. ಇದು ಅಪ್‌ಫ್ರಂಟ್, ಉಳಿದದ್ದು ಆಯಾ ಸಮಯದ ದರಕ್ಕೆ ಹೋಗುತ್ತದೆ, ಅದು ಸ್ಕ್ಯಾಟರ್. 40 ಸ್ಪಾಟ್, ತಲಾ 2.5 ರೇಟಿಂಗ್, ಒಟ್ಟು 100 ಅಂಕ ಅಂತ ಮಾತು ಕೊಟ್ಟಿರಿ ಅನ್ನಿ. ಬಂದದ್ದು 2. ಕೊಟ್ಟ ಅಂಕ 80, ಬಾಕಿ 20, ಅದನ್ನು ತೀರಿಸಲು ಇನ್ನೂ 10 ಸ್ಪಾಟ್ ಪುಕ್ಕಟೆ. ಹತ್ತು ಸೆಕೆಂಡಿನದಾದರೆ 100 ಸೆಕೆಂಡ್. ಇಂಥ ಹತ್ತು ಗಿರಾಕಿಗಳಿದ್ದರೆ 1,000 ಸೆಕೆಂಡ್, ಸುಮಾರು 17 ನಿಮಿಷ. 12 ನಿಮಿಷದ ಮಿತಿಯಲ್ಲಿ ಒಂದು ಗಂಟೆಯ ಪೂರ್ತಿ ಸರಕಿಗಿಂತ ಹೆಚ್ಚು. ಸ್ಕ್ಯಾಟರ್‌ಗೆ ಒಳ್ಳೇ ಬೆಲೆಗೆ ಹೋಗಬೇಕಿದ್ದ ಪ್ರೈಮ್ ಟೈಮ್ ಸಾಲ ತೀರಿಸಲು ಹೋಗುತ್ತದೆ. ಅದಕ್ಕೇ ಅನುಭವಸ್ಥರು ಮೊದಲೇ ಎಲ್ಲ ಮಾರದೆ ಒಂದಷ್ಟು ಕೈಯಲ್ಲಿ ಹಿಡಿದಿರುತ್ತಾರೆ.

ಬ್ರಿಟನ್ನಿನಲ್ಲಿ ದರವೇ ತೇಲುತ್ತದೆ. ಒಂದು ಚಾನೆಲ್‌ಗೆ ಆ ತಿಂಗಳು ಬಂದ ಹಣವನ್ನು ಅದು ತಲುಪಿಸಿದ ನೋಡುಗರ ಎಣಿಕೆಯಿಂದ ಭಾಗಿಸಿದರೆ ಬರುವುದೇ ಸರಾಸರಿ ಬೆಲೆ. ಹಣ ಅಷ್ಟೇ ಇದ್ದು ನೋಡುಗರು ಕಡಿಮೆಯಾದರೆ ಬೆಲೆ ಏರುತ್ತದೆ, ವಿಚಿತ್ರ ಅನ್ನಿಸಿದರೂ ನಿಜ. ಅಲ್ಲಿನ ಐಟಿವಿ ಚಾನೆಲ್‌ನ ಎರಡು ದೊಡ್ಡ ಕಂಪನಿಗಳು 2003ರಲ್ಲಿ ಒಂದಾಗಲು ಹೊರಟಾಗ, ಬೆಲೆ ಏರೀತು ಅನ್ನುವ ಭಯಕ್ಕೆ ಸ್ಪರ್ಧಾ ನಿಯಂತ್ರಕರು ಷರತ್ತು ಹಾಕಿದರು: ಚಾನೆಲ್‌ನ ನೋಡುಗರ ಪಾಲು ಇಳಿದಷ್ಟೂ ಜಾಹೀರಾತುದಾರ ತಾನು ಕೊಡುವ ಬಜೆಟ್ ಪಾಲನ್ನೂ ಇಳಿಸಬಹುದು.

ಪಂದ್ಯದ ಹಕ್ಕು:

ಕ್ರೀಡಾ ಹಕ್ಕುಗಳನ್ನು ಯಾರೂ ಎತ್ತಲಿಲ್ಲ. ಅಲ್ಲಿ ಸಿಪಿಆರ್‌ಪಿ ಗಣಿತ ಅರ್ಧ ಮಾತ್ರ. ಅಮೆರಿಕದ ಫಾಕ್ಸ್ ನೆಟ್‌ವರ್ಕ್ 1993ರ ಡಿಸೆಂಬರ್‌ನಲ್ಲಿ ನಾಲ್ಕು ವರ್ಷಕ್ಕೆ 158 ಕೋಟಿ ಡಾಲರ್ ಕೊಟ್ಟು ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಅರ್ಧ ಪಂದ್ಯಗಳ ಹಕ್ಕನ್ನು ಸಿಬಿಎಸ್ ಕೈಯಿಂದ ಕಿತ್ತುಕೊಂಡಾಗ, ಜಾಹೀರಾತಿನಿಂದ ಅದು ಹುಟ್ಟುವುದಿಲ್ಲ ಅಂತ ಎಲ್ಲರೂ ನಕ್ಕರು. ಮರುವರ್ಷ ನ್ಯೂ ವರ್ಲ್ಡ್ ಕಂಪನಿಯ 12 ಸ್ಥಳೀಯ ಕೇಂದ್ರಗಳು ಫಾಕ್ಸ್ ಕಡೆ ವಾಲಿದವು, ಹೆಚ್ಚಿನವು ಸಿಬಿಎಸ್‌ನವು. ಡೆಟ್ರಾಯ್ಟ್‌ನಂಥ ದೊಡ್ಡ ನಗರದಲ್ಲಿ ಸಿಬಿಎಸ್ 62ನೇ ನಂಬರಿನ ಸಣ್ಣ ಕೇಂದ್ರಕ್ಕೆ ಹೋಗಿ ಕೂರಬೇಕಾಯಿತು. ಕೇಂದ್ರ ಹೋದರೆ ಪಂದ್ಯವಷ್ಟೇ ಅಲ್ಲ, ವಾರದ ಏಳೂ ದಿನದ ರೇಟಿಂಗ್ ಹೋಗುತ್ತದೆ. ಆದ್ದರಿಂದ ಹಕ್ಕಿನ ಬೆಲೆ ಕಟ್ಟುವಾಗ ಪಂದ್ಯದ ಸ್ಪಾಟ್ ಆದಾಯ, ಪಂದ್ಯದ ನಡುವೆ ಓಡಿಸುವ ಸ್ವಂತ ಪ್ರೋಮೋಗಳ ಬೆಲೆ, ಚಂದಾ ದರ ಏರಿಸುವ ಬಲ, ಜೊತೆಗೆ ಎದುರಾಳಿಗೆ ಸಿಕ್ಕರೆ ನಮಗೆ ಆಗುವ ನಷ್ಟ, ಈ ನಾಲ್ಕನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಕೊನೆಯ ಸಾಲಿನಲ್ಲಿ ಮಾತ್ರ ಹುಷಾರು: ಹರಾಜಿನ ದಿನ ಆ ಅಂಕಿ ಎಲ್ಲರ ಕೈಯಲ್ಲೂ ಊದಿಕೊಳ್ಳುತ್ತದೆ. ಸಿಬಿಎಸ್ 1998ರಲ್ಲಿ ಉಳಿದರ್ಧ ಪಂದ್ಯಗಳನ್ನು ಎನ್‌ಬಿಸಿಯಿಂದ ಕಸಿದುಕೊಂಡದ್ದು ಆ ಸಾಲನ್ನೇ ನೋಡಿಕೊಂಡು.