ಕಣ್ಣು ಮುಚ್ಚಿದರೂ ನೀಲಿ ಬೆಳಕು: ಕಿರಣ ಚಿಕಿತ್ಸೆಯ ವೈದ್ಯೆಯನ್ನು ಕೇಳಿ

ಆಳಂದದ ಸದಸ್ಯೆ: ಮೇಡಂ, ಅಪ್ಪನ ಮಿದುಳಿನ ಗಡ್ಡೆಗೆ ಕಲಬುರಗಿಯಲ್ಲಿ ಕರೆಂಟ್ ಕೊಡುತ್ತಿದ್ದಾರೆ. ಹೊರಗೆ ಬಂದಾಗ ಹಣೆಯ ಮೇಲೆ, ತಲೆ ಅಲುಗದಂತೆ ಹಾಕುವ ಮಾಸ್ಕಿನ ಜಾಲರಿಯ ಅಚ್ಚು ಮೂಡಿರುತ್ತದೆ. ಕಣ್ಣು ಮುಚ್ಚಿದ್ದರೂ ನೀಲಿ ಬೆಳಕು ಸುಳಿಯುತ್ತದೆ, ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತದೆ ಎನ್ನುತ್ತಾರೆ. ಅಣ್ಣ ಅದನ್ನು ಭ್ರಮೆ ಎನ್ನುತ್ತಾನೆ.

ವೈದ್ಯೆ: ಭ್ರಮೆಯಲ್ಲ ತಾಯಿ. ನಾವು ಕರೆಂಟ್ ಎನ್ನುವುದು ವಿದ್ಯುತ್ತಲ್ಲ, ಬಲವಾದ ಎಕ್ಸ್-ರೇ. ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡಿದರೆ ನೀರಿನಲ್ಲಿ ಸುಮಾರು 2.25 ಲಕ್ಷಕ್ಕೆ ಇಳಿಯುತ್ತದೆ. ಕಣ್ಣುಗುಡ್ಡೆಯೊಳಗಿನ ಲೋಳೆ ಬಹುಪಾಲು ನೀರೇ. ಎಕ್ಸ್-ರೇ ಅಲ್ಲಿ ಚಿಮ್ಮಿಸಿದ ಎಲೆಕ್ಟ್ರಾನುಗಳು ಬೆಳಕನ್ನೇ ಹಿಂದೆ ಹಾಕಿ ಓಡುತ್ತವೆ, ಆಗ ನೀಲಿ ಬೆಳಕು ಹುಟ್ಟುತ್ತದೆ. ಇದನ್ನು 1934ರಲ್ಲಿ ವರದಿ ಮಾಡಿದ ಸೋವಿಯತ್ ವಿಜ್ಞಾನಿ ಚೆರೆಂಕೋವ್‌ಗೆ 1958ರಲ್ಲಿ ನೊಬೆಲ್ ಬಂದಿತು. ಅಮೆರಿಕದ ಡಾರ್ಟ್‌ಮತ್ ಸಂಶೋಧಕರು ಚಿಕಿತ್ಸೆಯ ವೇಳೆಯಲ್ಲೇ ರೋಗಿಯ ಕಣ್ಣಿನಿಂದ ಹೊಮ್ಮಿದ ಈ ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಾರೆ. ರೆಪ್ಪೆಯ ಹಿಂದೆಯೇ ಹುಟ್ಟುವ ಬೆಳಕನ್ನು ರೆಪ್ಪೆ ಹೇಗೆ ತಡೆದೀತು? ವಾಸನೆಯನ್ನೂ ಹಲವರು ಹೇಳುತ್ತಾರೆ. ಯಂತ್ರ ನಿಂತ ಕೂಡಲೇ ಬೆಳಕೂ ನಿಲ್ಲುತ್ತದೆಯೇ ಎಂದು ಅಪ್ಪನನ್ನು ಕೇಳಿ ಬರೆಯಿರಿ.

ಸೇಡಂನ ಸದಸ್ಯ: ನಮ್ಮ ಅತ್ತೆಗೂ ಕಾಣುತ್ತದೆ. ಕಣ್ಣು ಹೋಗುತ್ತದೆಯೇ?

ವೈದ್ಯೆ: ಆ ಬೆಳಕಿನಿಂದ ಹೋಗುವುದಿಲ್ಲ.

ಚಿಂಚೋಳಿಯ ಸದಸ್ಯ: ಅವ್ವನ ಎದೆಗೆ ಕೊಡುತ್ತಿದ್ದಾರೆ. ಬೆಳಕೇ ಕಂಡಿಲ್ಲ. ಚಿಕಿತ್ಸೆ ಹತ್ತುತ್ತಿಲ್ಲವೇ?

ವೈದ್ಯೆ: ಬೆಳಕಿಗೂ ಗುಣವಾಗುವುದಕ್ಕೂ ಸಂಬಂಧವಿಲ್ಲ.

ಗುರುಮಠಕಲ್‌ನ ಸದಸ್ಯೆ: ಆರು ವಾರ ದಿನವೂ ಓಡಾಡಲಾಗದು. ಆಸ್ಪತ್ರೆಯ ಹತ್ತಿರ ಕಡಿಮೆ ಬಾಡಿಗೆಗೆ ಕೋಣೆ ಸಿಗುತ್ತದೆಯೇ?

ಜೇವರ್ಗಿಯ ಸದಸ್ಯ: ಎಲ್ಲರಿಗೂ ಕಳಿಸಿ! ಈರುಳ್ಳಿ ರಸ, ಜೇನುತುಪ್ಪ ಬೆರೆಸಿ ಕಣ್ಣಿಗೆ ಬಿಟ್ಟರೆ ಕರೆಂಟಿನ ಉಷ್ಣ ಇಳಿಯುತ್ತದೆ. ಇಂಗ್ಲಿಷ್ ಮಾತ್ರೆ ನಿಲ್ಲಿಸಿ.

ವೈದ್ಯೆ: ಅಳಿಸಿ. ಕಣ್ಣಿಗೆ ಅಡುಗೆಮನೆಯ ಯಾವ ವಸ್ತುವನ್ನೂ ಬಿಡಬೇಡಿ. ಮಿದುಳಿನ ಊತಕ್ಕೆ ಕೊಟ್ಟ ಡೆಕ್ಸಾಮೆಥಸೋನ್ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು. ಈ ತಿಂಗಳು ಇಂಥದ್ದನ್ನು ಎಷ್ಟು ಸಲ ಹೇಳಲಿ?

ಜೇವರ್ಗಿಯ ಸದಸ್ಯ: ಅಜ್ಜಿಯ ಕಾಲದ ಮದ್ದು ಇದು.

ಶಹಾಪುರದ ಸದಸ್ಯ: ಅಜ್ಜಿಯ ಕಾಲದಲ್ಲಿ ಕರೆಂಟ್ ಎಲ್ಲಿ ಕೊಡುತ್ತಿದ್ದರು ಅಣ್ಣ?

ಜೇವರ್ಗಿಯ ಸದಸ್ಯ: ಹಿರಿಯರ ವಿಷಯ ಬೇಡ. ನನ್ನ ತಾಯಿಗೆ ಆ ಬೆಳಕಿನಲ್ಲಿ ಶರಣಬಸವೇಶ್ವರರ ದರ್ಶನವಾಯಿತು. ಅದನ್ನೂ ಎಲೆಕ್ಟ್ರಾನ್ ಎನ್ನುತ್ತೀಯಾ?

ಶಹಾಪುರದ ಸದಸ್ಯ: ಎನ್ನುತ್ತೇನೆ.

ಆಳಂದದ ಸದಸ್ಯೆ: ನನ್ನ ಅಪ್ಪನೂ ಮನಸ್ಸಿನಲ್ಲೇ ಕೈಮುಗಿದರಂತೆ. ಅದರಿಂದ ನಿಮಗೇನು ನಷ್ಟ? ಮೇಡಂ, ಯಂತ್ರದ ಸದ್ದು ನಿಂತರೆ ಬೆಳಕೂ ಇಲ್ಲವಂತೆ.

ವೈದ್ಯೆ: ಸರಿ, ನಿಶ್ಚಿಂತೆಯಿಂದಿರಿ. ಕೈಮುಗಿಯುವುದಕ್ಕೆ ನನ್ನ ಅಡ್ಡಿಯಿಲ್ಲ.

ಹುಮನಾಬಾದ್‌ನ ಸದಸ್ಯೆ: ನಮ್ಮ ಯಜಮಾನರಿಗೆ ಗಂಟಲಿನ ಚಿಕಿತ್ಸೆ ಮುಗಿದು ಮೂರು ತಿಂಗಳು. ನಿನ್ನೆ ರಾತ್ರಿಯಿಂದ ಬಲಗಣ್ಣಿನ ಅಂಚಿನಲ್ಲಿ ಮಿಂಚು, ನೊಣ ಹಾರಿದಂತೆ ಕಪ್ಪು ಚುಕ್ಕೆಗಳು. ಅದೇ ಬೆಳಕು ತಾನೇ?

ವೈದ್ಯೆ: ಅಲ್ಲ! ದಪ್ಪ ಕನ್ನಡಕದವರೇ? ಒಂದು ಬದಿ ಮಬ್ಬಾಗಿದೆಯೇ?

ಹುಮನಾಬಾದ್‌ನ ಸದಸ್ಯೆ: ಹೌದು, ದಪ್ಪ ಕನ್ನಡಕ. ಮೂಗಿನ ಬದಿಗೆ ಸೆರಗು ಇಳಿಬಿಟ್ಟಂತೆ ಕಾಣುತ್ತದಂತೆ.

ವೈದ್ಯೆ: ಅಕ್ಕ, ಗಮನವಿಟ್ಟು ಓದಿ. ಚಿಕಿತ್ಸೆಯ ಬೆಳಕು ಯಂತ್ರದೊಂದಿಗೇ ಆರುತ್ತದೆ, ಮೂರು ತಿಂಗಳ ಮೇಲೆ ಮನೆಗೆ ಬರುವುದಿಲ್ಲ. ಇದು ರೆಟಿನಾ ಎಂಬ ಕಣ್ಣಿನ ಹಿಂದಿನ ಪರದೆ ಹರಿದು ಕಳಚುತ್ತಿರುವ ಲಕ್ಷಣ ಇರಬಹುದು. ನೋವಿರುವುದಿಲ್ಲ, ಅದಕ್ಕೇ ಜನ ಕಾಯುತ್ತಾರೆ. ನಡುಭಾಗ ಕಳಚುವ ಮೊದಲು ಶಸ್ತ್ರಚಿಕಿತ್ಸೆಯಾದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು. ಕನ್ನಡಕದ ಅಂಗಡಿಗೆ ಹೋಗಬೇಡಿ, ಸೋಮವಾರದವರೆಗೆ ಕಾಯಬೇಡಿ. ರೆಟಿನಾ ನೋಡುವ ಕಣ್ಣಿನ ವೈದ್ಯರ ಬಳಿಗೆ ಇವತ್ತೇ ಹೋಗಿ. ಅವರಿಗೆ ಬೈಕ್ ಓಡಿಸಲು ಬಿಡಬೇಡಿ, ಕಣ್ಣು ಉಜ್ಜಲು ಬಿಡಬೇಡಿ. ಕಿರಣ ಚಿಕಿತ್ಸೆಯ ಕಾಗದಗಳನ್ನೂ ತೆಗೆದುಕೊಳ್ಳಿ.

ಜೇವರ್ಗಿಯ ಸದಸ್ಯ: ಅಕ್ಕ, ಒಂದು ಹನಿ ಜೇನು ಬಿಟ್ಟು ನೋಡಿ...

ವೈದ್ಯೆ: ಬಾಯಿ ಮುಚ್ಚಿ. ಒಬ್ಬರ ಕಣ್ಣು ಹೋಗುತ್ತಿದೆ.

ಗುರುಮಠಕಲ್‌ನ ಸದಸ್ಯೆ: ಕೋಣೆಯ ವಿಷಯ ಯಾರಾದರೂ ಹೇಳಿ.

ಶಹಾಪುರದ ಸದಸ್ಯ: ಇವರನ್ನು ಗುಂಪಿನಿಂದ ತೆಗೆಯಿರಿ.

ಜೇವರ್ಗಿಯ ಸದಸ್ಯ: ತೆಗೆಯುವುದಕ್ಕೆ ನೀನು ಯಾರು?

ವೈದ್ಯೆ: ಹುಮನಾಬಾದ್‌ನ ಅಕ್ಕ, ಹೊರಟಿರಾ?

ವೈದ್ಯೆ: ಅಕ್ಕ?

ಹುಮನಾಬಾದ್‌ನ ಸದಸ್ಯೆ: ಬಸ್ಸಿನಲ್ಲಿದ್ದೇವೆ ಮೇಡಂ. ಕಮಲಾಪುರ ದಾಟಿತು.